ಗುರುವಾರದ ನಂಬರ್ ಪ್ಲೇಟು

ನಾಲ್ಕು ವರ್ಷದಿಂದ ಹೊದಿಕೆ ಹೊದ್ದು ಮಲಗಿರುವ ಕಾರಿಗೆ ಅತಿವೇಗದ ದಂಡ ಬಿದ್ದಿದೆ ಎಂದು ಟ್ರಾಫಿಕ್ ಕಚೇರಿಯ ಕಿಟಕಿಯಾಚೆಯಿಂದ ಕೇಳಿಬಂದಾಗ ಸುಹೇರ್‌ಗೆ ಮೊದಲು ನಗು ಬಂತು.

"ಒಂದಲ್ಲ ಮೇಡಂ, ಹನ್ನೊಂದು," ಎಂದಳು ಗುಮಾಸ್ತೆ ಫಾತೆನ್, ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಅಂಗೈಗೆ ಉಗಿದು. "ಎಲ್ಲಾ ಮತ್ರೂಹ್‌ಗೆ ಹೋಗೋ ಕಡಲಂಚಿನ ರಸ್ತೆ, ತೊಂಬತ್ಮೂರನೇ ಕಿಲೋಮೀಟರ್ ಕಲ್ಲು. ಎಲ್ಲಾ ಗುರುವಾರ, ಸೂರ್ಯ ಮುಳುಗೋ ಹೊತ್ತು. ಭಾರಿ ಶಿಸ್ತು ನಿಮ್ದು."

"ನನ್ನ ಕಾರು ಜಾಗ ಬಿಟ್ಟು ಕದಲಿಲ್ಲ."

"ಈ ಕಿಟಕಿಗೆ ಬರೋರ ಕಾರು ಯಾವತ್ತೂ ಕದಲಿರಲ್ಲ ಮೇಡಂ."

ಸುಹೇರ್ ಭೂಗೋಳದ ಟೀಚರು. ಶನಿವಾರ ಆ ಹಳೇ ಫಿಯೆಟ್ ಕೊಳ್ಳುವವನು ಬರಲಿದ್ದ, ಅದರ ಕಾಗದ ಸರಿಮಾಡಿಸಲೆಂದೇ ಅವಳು ಇಲ್ಲಿಗೆ ಬಂದಿದ್ದಳು. ಅದು ಮಾರಿಹೋದರೆ ಮನೆಯ ಬೀಗದ ಕೈ ಒಪ್ಪಿಸಿ, ಅಸಿಯೂತ್‌ನ ಅಕ್ಕನ ಮನೆ ಸೇರುವುದೆಂದು ತೀರ್ಮಾನವಾಗಿತ್ತು. ಅಲೆಕ್ಸಾಂಡ್ರಿಯಾದಲ್ಲಿ ಅವಳನ್ನು ಹಿಡಿದಿಟ್ಟಿದ್ದು ಆ ಕಾರು ಒಂದೇ, ಅಥವಾ ಅವಳು ಹಾಗೆಂದುಕೊಂಡಿದ್ದಳು.

"ವೇಗ ಎಷ್ಟು?"

"ನೂರ ಹನ್ನೆರಡು."

ಹಾಗಾದರೆ ರವೂಫ್ ಅಲ್ಲ. ಗಂಡ ಬದುಕಿದ್ದಾಗ ಪೆಟ್ರೋಲು ಉಳಿಸಲು ಅರವತ್ತು ದಾಟಿದವನಲ್ಲ. ಸತ್ತ ಮಾತ್ರಕ್ಕೆ ಮನುಷ್ಯನ ಸ್ವಭಾವ ಅಷ್ಟೊಂದು ಬದಲಾದೀತೆಂದು ಅವಳಿಗನ್ನಿಸಲಿಲ್ಲ.

ಫಾತೆನ್ ಕಂಪ್ಯೂಟರ್ ಪರದೆಯನ್ನು ಇತ್ತ ತಿರುಗಿಸಿದಳು: ರಸ್ತೆಯ ಕ್ಯಾಮೆರಾ ಹಿಡಿದ ಚಿತ್ರ. ಅದೇ ಕೆನೆಬಣ್ಣದ ಕಾರು. ಮುಂದುಗಡೆ ಅದೇ ಪ್ಲೇಟು, ಕೊನೆಯ ಮೂರಂಕಿ ನಾನೂರ ಹದಿನೇಳು. ಓಡಿಸುವವನ ಮುಖದ ಮೇಲೆ ನೆರಳು. ಕಾಣುತ್ತಿದ್ದುದು ಬಿಳಿ ಅಂಗಿಯ ತೋಳು ಮಾತ್ರ, ಅದರ ಗರಿಗರಿ ಇಸ್ತ್ರಿ ಗೆರೆ ಮಾತ್ರ. ಪಕ್ಕದಲ್ಲಿ ಒಬ್ಬಳು ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಅವಳ ಹಸಿರು ಸ್ಕಾರ್ಫು ಹಾರಿ ಅವಳದೇ ಮುಖ ಮುಚ್ಚಿತ್ತು. ಸ್ಕಾರ್ಫಿನ ತುಂಬ ನಿಂಬೆಹಣ್ಣಿನ ಚಿತ್ರ, ಒಂದು ಮೂಲೆಯಲ್ಲಿ ಕಂದು ಕಲೆ.

ಸುಹೇರ್‌ಗೆ ನಗು ನಿಂತುಹೋಯಿತು. ಕಲೆಯ ವಿಷಯ ಗೊತ್ತಿಲ್ಲ, ಸ್ಕಾರ್ಫು ಅವಳದೇ.

"ಪ್ಲೇಟು ಕಾರಲ್ಲೇ ಇದ್ರೆ ದಂಡ ನಿಮ್ದು," ಎಂದು ಫಾತೆನ್ ಚಿತ್ರದ ಪ್ರತಿಯ ಜೊತೆಗೆ ಒಂದು ಅರ್ಜಿಯನ್ನೂ ತಳ್ಳಿದಳು. "ಇಲ್ದಿದ್ರೆ ಕಳವಿನ ದೂರು ಬರೆದು ಸಹಿ ಹಾಕಿ. ನೀವು ಪಾರು. ಯಾರ ಹತ್ರ ಸಿಗುತ್ತೋ ಅವನು ಒಳಗೆ."

ಓಣಿಗೆ ಬಂದವಳೇ ಹೊದಿಕೆ ಎತ್ತಿದಳು. ನಾಲ್ಕು ಚಕ್ರದಲ್ಲೂ ಗಾಳಿಯಿಲ್ಲ. ಬಾನೆಟ್ ಮೇಲೆ ಬೆಕ್ಕೊಂದು ಮರಿ ಹಾಕಿತ್ತು, 'ಏನೀಗ?' ಎಂಬಂತೆ ನೋಡಿತು. ಮುಂದೆ ಎರಡು ಸ್ಕ್ರೂ ತೂತು, ಹಿಂದೆ ಎರಡು. ಪ್ಲೇಟು ಇರಲಿಲ್ಲ.

ಮೂರು ವರ್ಷದ ಹಿಂದೆ, ಶೋಕದ ಕಪ್ಪು ಬಿಟ್ಟ ಮೊದಲ ದಿನ, ಆ ಹಸಿರು ಸ್ಕಾರ್ಫನ್ನು ಎದುರಿನ ಅಂಗಡಿಗೆ ಇಸ್ತ್ರಿಗೆ ಕೊಟ್ಟಿದ್ದಳು. "ಕಳೆದುಹೋಯ್ತು ಟೀಚರ್," ಎಂದಿದ್ದ ಇಸ್ತ್ರಿಯ ವಜ್ದಿ, ನೆಲ ನೋಡುತ್ತಾ. ಅವಳು ಜಗಳವಾಡಲಿಲ್ಲ. ಅಂದಿನಿಂದ ಬೂದುಬಣ್ಣ ಉಟ್ಟವಳು ಅದರಲ್ಲೇ ಉಳಿದಳು.

ದಂಡದ ಸುದ್ದಿ ಕೇಳಿದ ಈ ದಿನವೂ ಗುರುವಾರವೇ. ಅಂಗಡಿಯ ಷಟರು ಅರ್ಧ ಇಳಿದಿತ್ತು. ಮಸೀದಿಯಿಂದ ಸಂಜೆಯ ಬಾಂಗ್ ಕೇಳುತ್ತಿದ್ದ ಹೊತ್ತಿಗೆ ಸುಹೇರ್ ಬಗ್ಗಿ ಒಳಹೋದಳು.

ವಜ್ದಿ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಪ್ಲೇಟೊಂದನ್ನು ಸ್ಟಿಯರಿಂಗ್ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಫ್ಯಾನು ನಿಂತಿತ್ತು. ಆದರೂ ಅವನ ಕೂದಲು ಹಿಂದಕ್ಕೆ ಹಾರುತ್ತಿತ್ತು. ತೂಗುಹಾಕಿದ್ದ ಊರಿನ ಅಂಗಿಗಳೆಲ್ಲ ಒಂದೇ ದಿಕ್ಕಿಗೆ ಪಟಪಟಿಸುತ್ತಿದ್ದವು. ಎಲ್ಲೋ ಹತ್ತಿರ, ಬಲಗಡೆ, ಸಮುದ್ರ ಮೊರೆಯುತ್ತಿತ್ತು. ಸಮುದ್ರ ಅಲ್ಲಿಂದ ಅರ್ಧ ಗಂಟೆಯ ದಾರಿ.

ಅವಳಿಗೆ ಓಡಿಹೋಗಬೇಕೆನ್ನಿಸಿತು. ಬಾಯಿ ಮಾತ್ರ ಕೇಳಿತು: "ಎಲ್ಲಿದ್ದೀರಿ?"

"ಈಗಷ್ಟೇ ತೊಂಬತ್ಮೂರು ದಾಟಿತು," ಎಂದ ಅವನು, ಕಣ್ಣು ತೆರೆಯದೆ. ಆಮೇಲೆ ತೆರೆದ. ಅಂಗಿಗಳು ಒಮ್ಮೆಲೇ ಜೋತುಬಿದ್ದವು.

"ಟೀಚರ್!"

"ಕದ್ದಿದ್ದು ನೀವಾ ಉಸ್ತಾ?" ಕಸುಬಿನವರನ್ನು ಕರೆಯುವ ಆ ಮರ್ಯಾದೆಯ ಮಾತನ್ನು ಅವಳು ಸಿಟ್ಟಿನಲ್ಲೂ ಬಿಡಲಿಲ್ಲ.

"ಕದ್ದಿಲ್ಲ. ಬಿಚ್ಚಿದೆ. ಎರಡು ವರ್ಷದ ಹಿಂದೆ ಪೊಲೀಸರು ಓಣಿಗೆ ಬಂದು, ದಾರಿಗಡ್ಡ ಕಾರು ನಿಲ್ಲಿಸಿದೀರಂತ ಎಲ್ರ ಪ್ಲೇಟು ಬಿಚ್ಚಿಕೊಂಡು ಹೋದ್ರಲ್ಲ? ಅವರು ಬಿಚ್ಚೋ ಮೊದಲು ನಾವೇ ಬಿಚ್ಚಿಟ್ಕೊಳ್ಳೋದು ಇಲ್ಲಿ ಎಲ್ಲರೂ ಮಾಡೋದೇ. ನೀವು ಸ್ಕೂಲಲ್ಲಿದ್ರಿ."

"ಸರಿ. ಸಂಜೆ ಕೊಡಬಹುದಿತ್ತು."

"ಕೊಟ್ರೆ ಕಾರು ಮಾರ್ತೀರಿ. ಮಾರಿದ್ರೆ ಹೋಗ್ತೀರಿ." ಪ್ಲೇಟಿನ ಅಂಚನ್ನು ಹೆಬ್ಬೆರಳಿಂದ ಒರೆಸಿದ. "ದಿನಾ ಪೇಪರಲ್ಲಿ ಸುತ್ತಿಡ್ತಿದ್ದೆ, ನಾಳೆ ಕೊಡೋಣ ಅಂತ."

ಸುಹೇರ್ ಚಿತ್ರವನ್ನು ಇಸ್ತ್ರಿ ಮೇಜಿನ ಮೇಲೆ ಬಡಿದಿಟ್ಟಳು. "ಇವಳ್ಯಾರು?"

"ಯಾರು?"

"ನನ್ನ ಸ್ಕಾರ್ಫು ಕಟ್ಕೊಂಡು ನಿಮ್ಮ ಪಕ್ಕ ಕೂತು ಹಲ್ಲು ಕಿರೀತಿದಾಳಲ್ಲ, ಈ ಮಹಾತಾಯಿ." ತನ್ನ ದನಿಯಲ್ಲಿ ಭಯಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಿದ್ದುದನ್ನು ಕೇಳಿ ಅವಳಿಗೇ ಆಶ್ಚರ್ಯವಾಯಿತು.

ವಜ್ದಿ ಚಿತ್ರ ನೋಡಿದ. ಮುಖ ಬಿಳಿಚಿಕೊಂಡಿತು. "ಟೀಚರ್, ನಂಗೆ ಡ್ರೈವಿಂಗ್ ಬರಲ್ಲ. ಸೈಕಲ್ಲೇ ಅಷ್ಟಕ್ಕಷ್ಟೆ."

ಎದ್ದು, ಎಲ್ಲಕ್ಕಿಂತ ಮೇಲಿನ ಗೂಡಿನಿಂದ ಹಸಿರು ಸ್ಕಾರ್ಫನ್ನು ತೆಗೆದ. ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದಲ್ಲಿ ಸುಟ್ಟ ಕಂದು ಕಲೆ. ಚಿತ್ರದಲ್ಲಿದ್ದುದೇ.

"ಅವತ್ತು ನೀವು ಬಾಲ್ಕನಿಯಿಂದ ತರಕಾರಿಯವನಿಗೆ ಬುಟ್ಟಿ ಇಳಿಸ್ತಾ ಇದ್ರಿ. ಹಗ್ಗ ಸಿಕ್ಕಿಹಾಕ್ಕೊಂಡು ಬುಟ್ಟಿ ಅವನ ತಲೆ ಮೇಲೆ ಕೂತ್ಕೊಂಡ್ತು. ನಕ್ಕಿರಿ. ಒಂದು ವರ್ಷದಲ್ಲಿ ಮೊದಲ ಸಲ. ನಾನು ನೋಡ್ತಾ ನಿಂತೆ, ಕೈ ನಿಂತಿದ್ದು ಗೊತ್ತಾಗ್ಲಿಲ್ಲ. ಇಪ್ಪತ್ತು ವರ್ಷದ ಕಸುಬಲ್ಲಿ ನಾನು ಸುಟ್ಟಿದ್ದು ಇದೊಂದೇ ಬಟ್ಟೆ."

ಸುಹೇರ್ ಕಲೆಯ ಅಂಚನ್ನು ಬೆರಳಿಂದ ಸವರಿದಳು.

"ಕೆಲಸ ಇಲ್ದ ಗುರುವಾರ ಸಂಜೆ ಅರ್ಧ ಷಟರು ಇಳಿಸಿ ಕೂರ್ತೀನಿ. ಕಣ್ಣು ಮುಚ್ಚಿದ್ರೆ ಹೊರಡ್ತೀವಿ. ಸಮುದ್ರ ಬಲಗಡೆ, ಸೂರ್ಯ ಎದುರಿಗೆ. ನೀವು ಕಿತ್ತಳೆ ಸುಲಿದು ಕೊಡ್ತೀರಿ. ಅಷ್ಟೇ ಟೀಚರ್. ಬೇರೇನಿಲ್ಲ. ಅದಕ್ಕೆ ಸರ್ಕಾರ ದಂಡ ಹಾಕುತ್ತೆ ಅಂತ ನಂಗೇನು ಗೊತ್ತು?"

ಅವಳು ಪ್ಲೇಟನ್ನು ಮುಟ್ಟಿದಳು. ಬಿಸಿಯಾಗಿತ್ತು. ಅಂಕಿಗಳ ಮೇಲೆ ಉಪ್ಪಿನ ಪುಡಿ, ಆಗತಾನೇ ಬಡಿದು ಸತ್ತ ಪುಟ್ಟ ಹುಳುಗಳು. ಒಂದರ ರೆಕ್ಕೆ ಇನ್ನೂ ಅಲುಗುತ್ತಿತ್ತು. ಬಟ್ಟೆಯ ರಾಶಿಯ ಹಿಂದಿನಿಂದ ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತಿತ್ತು.

"ಕನಸಲ್ಲಾದ್ರೂ ಸ್ವಲ್ಪ ನಿಧಾನಕ್ಕೆ ಓಡಿಸ್ಬಾರ್ದಾ?" ಎಂದಳು ಕೊನೆಗೆ.

"ನೀವೇ, ಇನ್ನೂ ಜೋರು ಅಂತೀರಿ."

ಅವಳು ಚೀಲದಿಂದ ದೂರಿನ ಅರ್ಜಿ ತೆಗೆದಳು. ಅವನು ಅದನ್ನು ಗುರುತಿಸಿದ. "ನನ್ನ ಹೆಸರು ಬರೀರಿ," ಎಂದ. "ವಜ್ದಿ ಅಬ್ದುಲ್ ಬದೀ. ಇಸ್ತ್ರಿ ಕೆಲಸ. ಓಡಿಹೋಗಲ್ಲ."

ಸುಹೇರ್ ಅರ್ಜಿಯನ್ನು ಮೇಜಿನ ಮೇಲೆ ಹರವಿ, ಕಾದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಅದರ ಮೇಲಿಟ್ಟು, ಕೈ ಕಟ್ಟಿ ನಿಂತಳು. ಕಾಗದ ಕಂದಾಯಿತು, ಹೊಗೆಯಾಡಿತು. ಅಷ್ಟು ಹೊತ್ತೂ ಅವನ ಮುಖವನ್ನೇ ನೋಡುತ್ತಿದ್ದಳು.

"ನೋಡಿ, ನಂಗೂ ಕೈ ನಿಂತಿದ್ದು ಗೊತ್ತಾಗ್ಲಿಲ್ಲ," ಎಂದಳು. "ಆ ಸ್ಕಾರ್ಫು ಇಲ್ಲಿ ಕೊಡಿ."

ಶನಿವಾರ ಬಂದ ಕೊಳ್ಳುವವನಿಗೆ, ಕಾರಿನಲ್ಲಿ ಬೆಕ್ಕಿನ ಬಾಣಂತನ ನಡೆದಿದೆ, ಮಾರುವಂತಿಲ್ಲ ಎಂದು ಹೇಳಿ ಕಳಿಸಿದಳು. ವಜ್ದಿ ಮರಿಗಳಿಗೆ ಅಂಗಡಿಯಲ್ಲಿ ಹಾಸಿಗೆ ಮಾಡಿದ. ಹೊಸ ಬ್ಯಾಟರಿ ಬಂತು, ಚಕ್ರಕ್ಕೆ ಗಾಳಿ ಬಂತು, ಹನ್ನೊಂದೂ ದಂಡ ಕಟ್ಟಿದ ಮೇಲೆ ಕಾರಿನ ಲೈಸೆನ್ಸೂ ಬಂತು. "ಈಗ ಕದಲುತ್ತಾ?" ಎಂದು ಕೇಳಿದಳು ಫಾತೆನ್. "ಕದಲಿಸ್ತೀನಿ," ಎಂದಳು ಸುಹೇರ್. ಪ್ಲೇಟಿನ ಸ್ಕ್ರೂಗಳನ್ನು ಇಬ್ಬರೂ ಬಗ್ಗಿ ಕೂತು ತಿರುಗಿಸುವುದನ್ನು ಓಣಿಯ ಬಾಲ್ಕನಿಗಳೆಲ್ಲ ನೋಡಿ ಸಂತೋಷಪಟ್ಟವು.

ಗುರುವಾರ ಮತ್ರೂಹ್ ರಸ್ತೆಯಲ್ಲಿ ಓಡಿಸಿದ್ದು ಅವಳೇ. ತಲೆಗೆ ಹಸಿರು ಸ್ಕಾರ್ಫು. ವೇಗ ಅರವತ್ತು. ಸಮುದ್ರ ಬಲಗಡೆ, ಸೂರ್ಯ ಎದುರಿಗೆ. ಕಿತ್ತಳೆ ಸುಲಿಯುವ ಕೆಲಸ ವಜ್ದಿಯ ಪಾಲಿಗೆ ಬಂದಿತ್ತು.

ತೊಂಬತ್ಮೂರರ ಕಲ್ಲು ಕಾಣಿಸುತ್ತಿದ್ದಂತೆ ಹಿಂದಿನಿಂದ ಕೆನೆಬಣ್ಣದ ಕಾರೊಂದು ಬಂತು. ಸದ್ದಿಲ್ಲ. ಪಕ್ಕಕ್ಕೆ ಸರಿದು, ದಾಟಿ ಹೋಯಿತು. ಬಿಳಿ ತೋಳು ಕಂಡಿತು, ಹಾರುವ ಹಸಿರು ಕಂಡಿತು. ಕಿಟಕಿಯಿಂದ ಬಿದ್ದ ಕಿತ್ತಳೆ ಸಿಪ್ಪೆಯೊಂದು ಇವರ ಗಾಜಿಗೆ ಬಡಿದು ಅಂಟಿಕೊಂಡಿತು. ಹಿಂಬದಿಯ ಪ್ಲೇಟಿನ ಕೊನೆಯ ಮೂರಂಕಿ ನಾನೂರ ಹದಿನೇಳು.

ಕ್ಯಾಮೆರಾ ಮಿಂಚಿತು.

ಗೇರಿನ ಮೇಲಿದ್ದ ಅವಳ ಕೈ ಮೇಲೆ ವಜ್ದಿ ಮೊದಲ ಬಾರಿಗೆ ತನ್ನ ಕೈಯಿಟ್ಟ. ಅದು ಕಿತ್ತಳೆ ರಸದಿಂದ ಅಂಟುತ್ತಿತ್ತು, ಆದರೆ ಬೆಚ್ಚಗಿತ್ತು.

"ಟೀಚರ್, ದಂಡ ನಮಗೇ ಬರುತ್ತೆ."

"ಬರ್ಲಿ ಬಿಡು ವಜ್ದಿ," ಎಂದಳು ಸುಹೇರ್, ದೂರದಲ್ಲಿ ಸಣ್ಣಗಾಗುತ್ತಿದ್ದ ಆ ಇಬ್ಬರನ್ನು ನೋಡುತ್ತಾ. "ಪಾಪ, ಅವರು ನಮಗಾಗಿ ಎರಡು ವರ್ಷ ಓಡಿಸಿದಾರೆ."