ಮುಚ್ಚಿಟ್ಟ ಮಾಂಸ

ನಮ್ಮ ಪಟಗೋನಿಯಾದಲ್ಲಿ ಪೂಮಾ ಎಂಬ ಬೆಟ್ಟದ ಸಿಂಹ ಕುರಿ ಕೊಂದರೆ ಒಂದೇ ಸಲಕ್ಕೆ ತಿಂದು ಮುಗಿಸುವುದಿಲ್ಲ. ಉಳಿದದ್ದರ ಮೇಲೆ ಹುಲ್ಲು ಕೆರೆದು ಮುಚ್ಚಿ ಹೋಗುತ್ತದೆ, ಮತ್ತೆ ಬರುತ್ತದೆ. ಬುದ್ಧಿಯಿರುವ ಕುರಿಗಾಹಿ ಅದನ್ನು ಮುಟ್ಟುವುದಿಲ್ಲ. ನನ್ನ ಹೆಂಡತಿಯ ತಮ್ಮ ರೊಸೆಂದೊ ಮುಟ್ಟಿದ. ಒಂದು ತೊಡೆ ಕೊಯ್ದು ತಂದು ಹುಲ್ಲುಗಾವಲಿನ ನಮ್ಮ ಗುಡಿಸಲಲ್ಲಿ ಸುಟ್ಟು ತಿಂದ.

“ಅದರ ಪಾಲು ಯಾಕೆ ತಂದ್ಯೋ, ಹೊಟ್ಟೆಬಾಕ?” ಎಂದು ಬೈದೆ.

“ಕುರಿ ನಮ್ದೇ ಅಲ್ವಾ ಭಾವ? ನಿಮಗೆ ಬೇಡ್ದಿದ್ರೆ ನಾಯಿಗೆ ಹಾಕ್ತೀನಿ ಬಿಡಿ,” ಎಂದು ನಕ್ಕ.

ನಾಯಿಗಳು ಮೂಸಿಯೂ ನೋಡಲಿಲ್ಲ.

ಬೆಳಿಗ್ಗೆ ಎದ್ದಾಗ ಬಾಗಿಲಿನ ಅಗುಳಿ ಹಾಕಿದ ಹಾಗೇ ಇತ್ತು. ಒಳಗೆ ಮಲಗಿದ್ದ ರೊಸೆಂದೊನನ್ನು ತಲೆಯಿಂದ ಕಾಲಿನವರೆಗೆ ಹುಲ್ಲು ಮುಚ್ಚಿತ್ತು. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಸತ್ತೇ ಹೋದನೆಂದು ಎರಡೂ ಕೈಯಲ್ಲಿ ಕೆದರಿದೆ. ಉಸಿರಾಡುತ್ತಿದ್ದ, ಆದರೆ ಮೈ ಹೊಳೆಯ ಕಲ್ಲಿನಂತೆ ತಣ್ಣಗಿತ್ತು.

“ಆಗ್ಲೇ ಬೆಳಗಾಯ್ತಾ ಭಾವ?” ಎಂದ.

ತಕ್ಷಣ ಅವನನ್ನು ಊರಿಗೆ ಹೊರಡಿಸಿದೆ. ಅವನೇ ಮರಿಯಿಂದ ಸಾಕಿದ ಕುದುರೆ ಅವನ ವಾಸನೆ ಸಿಕ್ಕಿದೊಡನೆ ಹಗ್ಗ ಹರಿದುಕೊಂಡು ಓಡಿತು. ನನ್ನದೂ ಅವನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಎರಡು ದಿನ ನಡೆದು ಊರು ಸೇರಿದೆವು.

ಇದಾಗಿ ನಾಲ್ಕು ವರ್ಷವಾಯಿತು. ಇವತ್ತಿಗೂ ಯಾವ ಕುದುರೆಯೂ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡಿಲ್ಲ.