ಹಿಂದಿನ ಸೀಟಿನ ಚೀಲ

"ಫೈಲಿಲ್ಲ! ನನ್ನ ಸರ್ಟಿಫಿಕೇಟ್ ಫೈಲಿಲ್ಲ!"

ಕಾರಿನ ಬಾಗಿಲು ಹಿಡಿದು ನಿಂತಿದ್ದ ಡಾಕ್ಟರಮ್ಮನ ಕೂಗಿಗೆ ಬೀದಿಯೇ ತಿರುಗಿ ನೋಡಿತು. ನಾಳೆ ಬೆಳಿಗ್ಗೆ ಆಕೆ ಇಲ್ಲಿನ ಆಸ್ಪತ್ರೆಗೆ ಸೇರಬೇಕು. ಮೂಲಪ್ರತಿಗಳಿಲ್ಲದೆ ಸೇರಿಸಿಕೊಳ್ಳುವುದಿಲ್ಲ.

ದಾರಿಯಕ್ಕ ಡ್ರೈವರ್ ಸೀಟಿನಿಂದಿಳಿದು ಹಿಂದಿನ ಸೀಟಿನಡಿ ಬಗ್ಗಿ ನೋಡಿದಳು. ಕೆಲಸಕ್ಕೆಂದು ಹೊಸದಾಗಿ ಊರಿಗೆ ಬಂದವರಿಗೆ ಬಡಾವಣೆ ಸುತ್ತಿಸಿ ಮನೆ, ಅಂಗಡಿ, ಶಾಲೆ ತೋರಿಸುವುದು ಅವಳ ಕೆಲಸ. ದಾರಿಯಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ. ನಡುವೆ ಒಮ್ಮೆ ಅವರನ್ನು ಮಾರುಕಟ್ಟೆಯಲ್ಲಿ ಇಳಿಸಿ, ಮನೆಯ ದಾರಿಯನ್ನು ತಾವೇ ಹುಡುಕಿಕೊಳ್ಳಲು ಬಿಡುವುದು ಅವಳ ಪದ್ಧತಿ. ಇವತ್ತೂ ಗಂಡ ಹೆಂಡತಿ ಅಲ್ಲಿಂದ ಬರಿಗೈಯಲ್ಲಿ ಮನೆಗೆ ನಡೆದು ಬಂದಿದ್ದರು. ಚೀಲ ಕಾರಿನಲ್ಲಿತ್ತು. ಕಾರಿನಲ್ಲಿ ಅವಳೊಬ್ಬಳೇ ಇದ್ದಳು.

"ಇನ್ಯಾರು ತಗೋತಾರೆ?" ಗಂಡ ಹಾರಾಡಿದ. "ಫೈಲ್ ಬಚ್ಚಿಟ್ಟು ದುಡ್ಡು ಕೀಳೋರನ್ನ ನಾನು ನೋಡಿಲ್ವಾ? ಇಟ್ಟಿಗೆ ತರ ದಪ್ಪ ಇತ್ತು, ಗಾಳಿಗೆ ಹಾರಿಹೋಯ್ತಾ?"

ದಾರಿಯಕ್ಕನ ಕಂಪನಿಯ ಯಜಮಾನರು ಓಡಿ ಬಂದರು, ಜೊತೆಗೆ ಅವರ ಭಾವ—ನಿವೃತ್ತ ಇನ್‌ಸ್ಪೆಕ್ಟರ್. ಕೆಲಸ ಹೋದಂತೆಯೇ ಎಂದು ಯಜಮಾನರ ಮುಖ ನೋಡಿದ ಕೂಡಲೇ ದಾರಿಯಕ್ಕನಿಗೆ ತಿಳಿಯಿತು. ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಅವಳೊಬ್ಬಳ ಸಂಬಳದಿಂದ.

"ಫೈಲ್ ಕೊನೇ ಸಲ ಹೊರಗೆ ತೆಗೆದಿದ್ದು?" ಇನ್‌ಸ್ಪೆಕ್ಟರ್ ಕೇಳಿದರು.

"ಬೆಳಿಗ್ಗೆ, ಮನೆ ಮಾಲೀಕರಿಗೆ ತೋರಿಸೋಕೆ," ಎಂದಳು ಡಾಕ್ಟರಮ್ಮ. "ಆಮೇಲೆ ಕಾಫಿ ಕುಡಿದ್ವಿ. ಅಲ್ಲಿಂದ ನೇರ ಮಾರುಕಟ್ಟೆ."

"ಕಾಫಿ ಅಂಗಡಿಗೆ ಚೀಲ ತಗೊಂಡು ಹೋಗಿದ್ರಾ?"

"ಹೂಂ. ವಾಪಸ್ ತಂದು ಸೀಟ್ ಮೇಲೆ ನಾನೇ ಇಟ್ಟೆ. ಆಗ ಫೈಲ್ ಇತ್ತು."

ಇನ್‌ಸ್ಪೆಕ್ಟರ್ ದಾರಿಯಕ್ಕನ ಕಡೆ ತಿರುಗಿದರು. "ನೀನು ಚೀಲ ಮುಟ್ಟಿದ್ಯೇನಮ್ಮ?"

ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. "ಮುಟ್ಟಿದೆ ಸಾರ್. ಮಾರುಕಟ್ಟೆಯಿಂದ ಬರೋವಾಗ ಬ್ರೇಕ್ ಹಾಕಿದೆ, ಕೆಳಗೆ ಬಿತ್ತು. ಎತ್ತಿಟ್ಟೆ."

"ನೋಡಿದ್ರಾ!" ಎಂದ ಗಂಡ.

"ಹೇಗೆ ಎತ್ತಿದೆ?"

"ಹೇಗೆ ಅಂದ್ರೆ... ಕೂತಲ್ಲಿಂದಲೇ ಹಿಂದಕ್ಕೆ ಕೈ ಚಾಚಿದೆ. ಎರಡು ಬೆರಳಿಗೆ ಹಿಡಿ ಸಿಕ್ತು, ಎತ್ತಿ ಹಾಕಿದೆ."

ಇನ್‌ಸ್ಪೆಕ್ಟರ್ ಸ್ಕೂಟರ್ ಹತ್ತಿ ಹೋದರು. ಮರಳಿ ಬಂದಾಗ ಕಂಕುಳಲ್ಲಿ ಫೈಲಿತ್ತು, ಅದರ ಮೇಲೆಲ್ಲ ಕಾಫಿ ಕಲೆ.

"ಇವಳು ಚೀಲ ಮುಟ್ಟಿದಳು ಅನ್ನೋದನ್ನೇ ಹಿಡ್ಕೊಂಡ್ರಿ. ಹೇಗೆ ಎತ್ತಿದಳು ಅನ್ನೋದು ಯಾರ ಕಿವಿಗೂ ಬೀಳಲಿಲ್ಲ. ಕದ್ದಿದ್ರೆ ಮುಟ್ಟೇ ಇಲ್ಲ ಅಂತಿದ್ದಳು. ಇಟ್ಟಿಗೆಯಂಥ ಫೈಲಿರೋ ಚೀಲ ಎರಡು ಬೆರಳಿಗೆ ಏಳತ್ತಾ? ಮಾರುಕಟ್ಟೆ ತಲುಪೋ ಮೊದಲೇ ಅದು ಖಾಲಿ! ಉಳಿದದ್ದು ಕಾಫಿ ಅಂಗಡಿ. ಇದು ಸಿಕ್ಕಿದ್ದು ಅಲ್ಲಿ, ಹೆಂಗಸರ ಶೌಚಾಲಯದ ಕಸದ ಡಬ್ಬಿಯ ತಳದಲ್ಲಿ. ಚೀಲ ಹಿಡ್ಕೊಂಡು ಅಲ್ಲಿಗೆ ಹೋದವರು ನೀವೇ ಅಲ್ವಾ, ಡಾಕ್ಟರಮ್ಮ?"

ಆಕೆ ತಲೆ ತಗ್ಗಿಸಲಿಲ್ಲ. "ಈ ಊರು ಬೇಡ ಅಂತ ಬಾಯಿ ಬಡ್ಕೊಂಡೆ. ಇವರು ಸಂಬಳ ನೋಡಿ ಹೂಂ ಅಂದ್ಬಿಟ್ರು."

"ಅದಕ್ಕೆ ನನ್ನ ತಲೆಗೆ ಕಟ್ಟೋದಾ?" ದಾರಿಯಕ್ಕ ಕೇಳಿದಳು.

"ನಿಮಗೇನು? ಇದೇ ಊರಿನವರು. ಬೇರೆ ಕೆಲಸ ಸಿಗ್ತಿತ್ತು."

ದಾರಿಯಕ್ಕನಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆಯಾಯಿತು. ಗಂಡ ಆಗಲೇ ಕರವಸ್ತ್ರದಿಂದ ಫೈಲು ಒರೆಸುತ್ತಿದ್ದ. "ಹೋಗ್ಲಿ, ಸಿಕ್ತಲ್ಲ. ನಾಳೆ ಸೇರ್ಕೋ."

ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಯಜಮಾನರು ಗಂಟಲು ಸರಿಮಾಡಿಕೊಂಡರು. "ಇನ್ನೂ ಎರಡು ಬೀದಿ ಬಾಕಿ ಇದ್ಯಲ್ಲ. ಮುಗಿಸಿಬಿಡಮ್ಮ. ಗಿರಾಕಿಗಳಿಗೆ ಬೇಜಾರಾಗಬಾರದು."

ದಾರಿಯಕ್ಕ ಕಾರಿನ ಬಾಗಿಲು ತೆರೆದು ಹಿಡಿದಳು.

"ಹತ್ತಿ ಮೇಡಂ," ಎಂದಳು. "ಮುಂದಿನ ಬೀದೀಲಿ ಒಳ್ಳೇ ಶಾಲೆ ಇದೆ."