ಕೊನೆಯ ಹದಿನಾರು ಪುಟ

"ಈ ಪುಸ್ತಕಕ್ಕೆ ಕಟ್ಟಿಸಿದ ಹಲ್ಲಿದೆ," ಎನ್ನುತ್ತಾ ಅವನು ಒಂದು ದಪ್ಪ ಕಾದಂಬರಿಯನ್ನು ಮೇಜಿನ ಮೇಲಿಟ್ಟ. "ಇನ್ನೂರ ನಲವತ್ತೊಂದನೇ ಪುಟದಿಂದ ಕೊನೇವರೆಗೆ. ಪೂರ್ತಿ ಸೆಟ್."

ಗೋಂದಕ್ಕ ತಲೆ ಎತ್ತಲಿಲ್ಲ. ಲೈಬ್ರರಿಯ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಹೊಲಿದು ಅಂಟಿಸುವ ಅವಳಿಗೆ ಆ ಹೆಸರಿಟ್ಟವರು ಮೇಲಿನ ಕೌಂಟರಿನವರು. ಹೆಸರಿಟ್ಟು ಹತ್ತು ವರ್ಷವಾಗಿ, ಈಗ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಬೇಕಾಗುತ್ತಿತ್ತು.

"ದೂರು ಇದ್ರೆ ಮೇಲೆ ಬರೆದು ಕೊಡಿ," ಅಂದಳು, ಸೂಜಿಯಿಂದ ಕಣ್ಣು ತೆಗೆಯದೆ.

"ಅಯ್ಯೋ, ದೂರಲ್ಲ ಮೇಡಂ. ನಾನು ಹಲ್ಲಿನ ಸೆಟ್ ಮಾಡೋನು. ಎದುರಿನ ಕ್ಲಿನಿಕ್ ಹಿಂದೆ ನಮ್ಮ ಲ್ಯಾಬು. ಯಾವುದು ಹುಟ್ಟಿದ ಹಲ್ಲು, ಯಾವುದು ಕಟ್ಟಿಸಿದ್ದು ಅಂತ ಯಾರಿಗೂ ಗೊತ್ತಾಗಬಾರದು, ಅದೇ ನನ್ನ ಕೆಲಸ. ಅದಕ್ಕೇ ಬೇರೆಯವರ ಕೆಲಸ ನಂಗೆ ಬೇಗ ಕಾಣುತ್ತೆ."

ಹೀಗೆ ಸಿಕ್ಕಿಬಿದ್ದವಳ ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಮೂರು ವರ್ಷದಿಂದ ಅವಳ ಎದೆ ಯಾವುದಕ್ಕೂ ಏನೂ ಅಂದಿರಲಿಲ್ಲ.

ಮೂರು ವರ್ಷದ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಅವಳ ಗಂಡ ಮಂಚದ ಪಕ್ಕ ಕುಸಿದು ಕೂತ. ಮತ್ತೆ ಏಳಲಿಲ್ಲ. ಅವಳಿಗೆ ಕಣ್ಣೀರು ಬರಲಿಲ್ಲ. "ಅತ್ತುಬಿಡು ತಾಯಿ, ಹಗುರಾಗುತ್ತೆ," ಅಂದರು ಬಂದವರು. ಅಳಲಿಲ್ಲವೆಂದಾಗ, "ಎಂಥ ಕಲ್ಲು ಮನಸ್ಸು," ಎಂದು ಬಾಗಿಲಾಚೆ ಹೋಗಿ ಅಂದರು. ಎರಡೂ ಅವಳ ಕಿವಿಗೆ ಬಿದ್ದವು, ಎರಡೂ ಒಳಗಿಳಿಯಲಿಲ್ಲ. ಊಟ ಮಾಡುತ್ತಿದ್ದಳು, ರುಚಿ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಬಿಸಿ ಗೋಂದು ಕೈ ಮೇಲೆ ಚೆಲ್ಲಿಕೊಂಡು, ಬೊಬ್ಬೆ ಎದ್ದ ಮೇಲೆ ನೋಡಿಕೊಂಡಿದ್ದಳು. ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ. ಅತ್ತೆ ಎಂದರೆ ಗಂಡನ ತಾಯಿ, ಲೈಬ್ರರಿಯ ಪ್ರೇಮ ಕಾದಂಬರಿಗಳಲ್ಲಿ ಅರ್ಧಕ್ಕರ್ಧವನ್ನು ಓದಿ ಮುಗಿಸಿದ ಹೆಂಗಸು.

ಈ ಎಡವಟ್ಟು ಆದದ್ದೂ ಅತ್ತೆಯಿಂದಲೇ. ಕೋಟೆಯಲ್ಲಿ ದೀಪ ಹಚ್ಚುವ ಹುಡುಗಿ, ಅವಳನ್ನು ಪ್ರೀತಿಸುವ ಕುದುರೆ ಸೈನ್ಯದ ನಾಯಕ, ಯಾವುದೋ ರಾಜರ ಕಾಲದ ಕಥೆ. ಕೊನೆಯ ಹದಿನಾರು ಪುಟ ಕಿತ್ತುಹೋಗಿತ್ತು. ಇನ್ನೊಂದು ಪ್ರತಿ ಸಿಕ್ಕರೆ ಅದರಿಂದ ಟೈಪ್ ಮಾಡಿ ಹೊಲಿಯಬೇಕು, ಸಿಗದಿದ್ದರೆ 'ಪುಟಗಳಿಲ್ಲ' ಎಂಬ ಚೀಟಿ ಅಂಟಿಸಬೇಕು, ಇದು ಲೈಬ್ರರಿಯ ನಿಯಮ. ಪ್ರತಿ ಎಲ್ಲೂ ಸಿಗಲಿಲ್ಲ. ಅತ್ತೆಯೋ, "ಆ ಹುಡುಗಿ ಗತಿ ಏನಾಯ್ತು ಅಂತ ಗೊತ್ತಾಗೋವರೆಗೆ ನಾನು ಬಿಪಿ ಮಾತ್ರೆ ಮುಟ್ಟಲ್ಲ," ಎಂದು ಹಟ ಹಿಡಿದು ಕೂತರು. ಎರಡು ದಿನ ನೋಡಿ, ಗೋಂದಕ್ಕ ಮೂರನೆಯ ದಿನ ಊಟದ ಬಿಡುವಿಗೆ ಕೂತವಳು ಸಂಜೆಯೊಳಗೆ ಹದಿನಾರು ಪುಟ ತಾನೇ ಬರೆದು, ಅದೇ ಅಕ್ಷರದಲ್ಲಿ ಟೈಪ್ ಮಾಡಿ, ಚಹಾದ ನೀರಲ್ಲಿ ಕಾಗದಕ್ಕೆ ಹಳೇ ಬಣ್ಣ ಬರಿಸಿ ಹೊಲಿದಳು. ಅತ್ತೆ ಓದಿದ ಮೇಲೆ ಬಿಚ್ಚಿಬಿಡುವುದೆಂದು ಅವಳ ಲೆಕ್ಕ. ಅತ್ತೆ ತಿಂಗಳುಗಟ್ಟಲೆ ಪುಸ್ತಕ ಇಟ್ಟುಕೊಂಡು, ಒಂದು ದಿನ ಸೊಸೆಗೂ ಹೇಳದೆ ತಾವೇ ಕೌಂಟರಿಗೆ ಕೊಟ್ಟು ಬಂದಿದ್ದರು.

"ಹೇಗೆ ಗೊತ್ತಾಯ್ತು?" ಅಂದಳು ಗೋಂದಕ್ಕ.

ಅವನು ಸ್ಟೂಲು ಎಳೆದುಕೊಂಡು ಕೂತ. ಉಗುರಿನ ಸಂದಿಯಲ್ಲಿ ಬಿಳಿ ಪ್ಲಾಸ್ಟರ್ ಮೆತ್ತಿಕೊಂಡಿತ್ತು. "ಅಲ್ಲೀವರೆಗೆ ಆ ಮಹಾಶಯ ಬಾಯಿ ಬಿಟ್ರೆ ಚಂದ್ರ, ನಕ್ಷತ್ರ, ಅದೂ ಇದೂ. ಇನ್ನೂರ ನಲವತ್ತೊಂದಕ್ಕೆ ಬಂದ್ರೆ ಬಾಯಿಗೆ ಬೀಗ! ಹುಡುಗೀದು ಒದ್ದೆ ಚಪ್ಪಲಿ ತಗೊಂಡು ಹೋಗಿ ಗೋಡೆಗೆ ಒರಗಿಸಿ ಬಿಸಿಲಿಗಿಡ್ತಾನೆ. ಬಿಸಿಲು ಸರಿದ ಹಾಗೆಲ್ಲ ಎದ್ದು ಹೋಗಿ ಚಪ್ಪಲೀನೂ ಸರಿಸ್ತಾನೆ. ಅದು ಬಿಟ್ಟು ಏನೂ ಮಾಡಲ್ಲ. ನಾನು ಅದನ್ನೇ ಮೂರು ಸಲ ಓದಿದೆ." ಆಮೇಲೆ ಕೇಳಿದ, "ಯಾರ್ರೀ ಅವರು?"

ಸೂಜಿ ನಿಂತಿತು. ಬರೆಯುವಾಗ ಅವಳು ಯಾರನ್ನೂ ನೆನೆದಿರಲಿಲ್ಲ. ಕೈ ಬರೆದಿತ್ತು, ಅವಳು ಟೈಪ್ ಮಾಡಿದ್ದಳು, ಅಷ್ಟೇ. ಮದುವೆಯಾದ ಹನ್ನೊಂದು ವರ್ಷ ಗಂಡ ಅವಳ ಒದ್ದೆ ಚಪ್ಪಲಿಗಳನ್ನು ಹಾಗೇ ಇಡುತ್ತಿದ್ದನೆಂಬುದು ಅವಳಿಗೆ ಈಗ, ಈ ಅಪರಿಚಿತನ ಬಾಯಲ್ಲಿ ಕೇಳಿದ ಮೇಲೆ ನೆನಪಾಯಿತು. ನೆನಪಾಯಿತೇ ಹೊರತು ನೋಯಲಿಲ್ಲ. ಅದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಯಾರೋ," ಅಂದು ದಾರ ಎಳೆದಳು.

ಮುಂದಿನ ವಾರ ಅವನು ಮತ್ತೆ ಬಂದ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿತೆಂದು ಒಂದು ಐತಿಹಾಸಿಕ ಪ್ರೇಮ ಕಾದಂಬರಿಯನ್ನು ಲೈಬ್ರರಿಗೆ ದಾನ ಕೊಟ್ಟ. ಕೊನೆಯ ಹದಿನಾರು ಪುಟ ಇರಲಿಲ್ಲ. ಅದರ ಮುಂದಿನ ವಾರ ಇನ್ನೊಂದು. ಅದಕ್ಕೂ ಇರಲಿಲ್ಲ.

"ಇಷ್ಟೊಂದು ರಾಜರ ಕಾಲದ ಕಥೆ ಯಾಕೆ ಓದ್ತೀರಿ?"

"ಹಲ್ಲಿನ ಅಚ್ಚು ಗಟ್ಟಿಯಾಗೋಕೆ ನಲವತ್ತು ನಿಮಿಷ ಬೇಕು ಮೇಡಂ. ಆ ನಲವತ್ತು ನಿಮಿಷ ಕೋಟೆ ಕಡೆ ಹೋಗಿ ಬರ್ತೀನಿ. ಮದುವೆ ಅನ್ನೋ ಬಸ್ಸು ಎರಡು ಸಲ ತಪ್ಪಿಸಿಕೊಂಡೋನು ನಾನು. ಹೋಗೋಕೆ ಬೇರೆ ಜಾಗ ಇಲ್ಲ."

ನಾಲ್ಕನೆಯ ಪುಸ್ತಕ ಬಂದಾಗ ಅವಳು ಅದನ್ನು ದೀಪಕ್ಕೆ ಹಿಡಿದು, ಬೆನ್ನಿನ ಒಳಗೆ ಬೆರಳಾಡಿಸಿದಳು. "ಹರಿದ ಪುಟದ ಅಂಚು ಒರಟಾಗಿರುತ್ತೆ. ಇದು ಗೆರೆ ಎಳೆದ ಹಾಗಿದೆ. ನಿಮ್ಮ ಲ್ಯಾಬಲ್ಲಿ ಹಲ್ಲಿನ ಅಚ್ಚಿಗೆ ಮೇಣ ಕೆತ್ತೋ ಚಾಕು ಬಹಳ ಚೂಪಾಗಿರುತ್ತಾ?"

ಅವನ ಕಿವಿ ಎರಡೂ ಕೆಂಪಗಾದವು. ಕಣ್ಣು ಗೋಂದಿನ ಡಬ್ಬಿಯ ಮೇಲೆ, ಕತ್ತರಿಯ ಮೇಲೆ, ಗೋಡೆಯ ಕ್ಯಾಲೆಂಡರಿನ ಮೇಲೆ ಓಡಾಡಿ, ಕೊನೆಗೆ ದಾರಿ ಕಾಣದೆ ಅವಳ ಮುಖಕ್ಕೇ ಬಂದು ನಿಂತಿತು.

"ನನ್ನ ಪುಸ್ತಕ ನಾನು ಕೊಯ್ದೆ. ಅದಕ್ಕೇನು ಶಿಕ್ಷೆ?"

"ಯಾಕೆ ಕೊಯ್ದಿರಿ?"

"ನೀವು ಬರೀಲಿ ಅಂತ," ಅಂದ. ಆಮೇಲೆ ಅವಸರದಲ್ಲಿ, "ಎಲ್ಲ ಪುಟಾನೂ ಜೋಪಾನವಾಗಿ ಎತ್ತಿಟ್ಟಿದ್ದೀನಿ, ಬೇಕಂದ್ರೆ ವಾಪಸ್ ತರ್ತೀನಿ!"

ಅವಳು ಬೇಕೆನ್ನಲಿಲ್ಲ. ಬೇಡವೆನ್ನಲೂ ಇಲ್ಲ. ಆ ಮಧ್ಯಾಹ್ನ ಬರೆಯಲು ಕೂತಳು. ಬರೆಯುವಾಗಲೂ ಒಳಗೆ ಏನೂ ಅಲ್ಲಾಡುತ್ತಿರಲಿಲ್ಲ. ಆದರೆ ಆ ಒಂದು ತಾಸಿನಲ್ಲಿ ಮಾತ್ರ ಏನೂ ಇಲ್ಲವೆಂಬುದು ಅವಳ ಗಮನಕ್ಕೆ ಬರುತ್ತಿತ್ತು, ಅಷ್ಟೇ ವ್ಯತ್ಯಾಸ.

ಏಳು ಪುಸ್ತಕವಾದವು. ಒಂದು ದಿನ ಲೈಬ್ರರಿಯನ್ ಮೇಡಂ ಅವಳನ್ನು ಕರೆಸಿದರು. ಏಳು ಕಾದಂಬರಿಗೂ ಓದುಗರ ಕ್ಯೂ ಹತ್ತಿದೆ, ಬೇರೆ ಯಾವುದಕ್ಕೂ ಇಲ್ಲ, ಯಾಕೆಂದು ನಾನೇ ಓದಿ ನೋಡಿದೆ ಅಂದರು. ಕೆಲಸ ಹೋಯಿತೆಂದುಕೊಂಡಳು ಗೋಂದಕ್ಕ.

"ನಿಯಮದ ಪ್ರಕಾರ ನಾನು ನಿಮ್ಮನ್ನ ಬೈಬೇಕು. ಬೈದೆ ಅಂತ ತಿಳ್ಕೊಳ್ಳಿ," ಅಂದರು ಮೇಡಂ. "ಇನ್ನು ಬೇರೆಯವರ ಪುಸ್ತಕದ ಬಾಲಕ್ಕೆ ಬರೀಬೇಡಿ. ಒಂದು ಇಡೀ ಕಾದಂಬರಿ ಬರೀರಿ. ನನ್ನ ಗೆಳತಿ ಪ್ರಕಾಶಕಿ, ನಾನು ತೋರಿಸ್ತೀನಿ."

"ನನಗೆ ಕೊನೆ ಮಾತ್ರ ಗೊತ್ತು ಮೇಡಂ," ಅಂದು ಅವಳು ಕೆಳಗಿಳಿದು ಬಂದಳು.

ಈ ಮಾತು ಹಲ್ಲಿನವನಿಗೆ ಹೇಗೋ ಮುಟ್ಟಿತು. ಮರುದಿನ ಅವನು ತಂದದ್ದು ಬರೀ ಒಂದು ರಟ್ಟು. ಕೆಂಪು ಬಟ್ಟೆ ಹೊದಿಸಿದ ಹಳೆಯ ರಟ್ಟು, ಒಳಗೆ ಒಂದು ಪುಟವೂ ಇಲ್ಲ.

"ಇದಕ್ಕೆ ಎಲ್ಲ ಹಲ್ಲೂ ಹೋಗಿಬಿಟ್ಟಿದೆ. ರಿಪೇರಿ ಆಗುತ್ತಾ ನೋಡಿ."

ಅವಳ ತುಟಿಯ ಒಂದು ಬದಿ ಸ್ವಲ್ಪ ಮೇಲೇರಿತು. ಅವನು ಅದನ್ನು ಕಂಡ. ಕಂಡು, ಕಾಣದವನ ಹಾಗೆ ಕ್ಯಾಲೆಂಡರ್ ನೋಡಿದ.

ಹೀಗೆ ಶುರುವಾಯಿತು ಅವಳ ಮೊದಲ ಕಾದಂಬರಿ. ಅರಮನೆಯ ಓಲೆಗಳನ್ನು ಜೋಡಿಸಿಡುವ ವಿಧವೆ, ದೂರದೂರಿನಿಂದ ಗಂಟೆ ಎರಕ ಹೊಯ್ಯಲು ಬಂದವನು. ಎಂಟು ತಿಂಗಳು ಬರೆದಳು. ವಾರಕ್ಕೊಮ್ಮೆ ಅವನು ಬಂದು ಓದಿ, "ಈ ಗಂಟೆಯವನು ಬಹಳ ಬಡಾಯಿ ಕೊಚ್ತಾನೆ, ಇವನಿಗೆ ನಾನು ಹೆಣ್ಣು ಕೊಡಲ್ಲ," ಎಂದೋ, "ಪಾಪ, ಇವನಿಗೆ ಒಂದು ಲೋಟ ನೀರಾದರೂ ಕೊಡಿಸ್ರೀ ಅವಳ ಕೈಲಿ," ಎಂದೋ ಕಾಲೆಳೆಯುತ್ತಿದ್ದ. ಎಲ್ಲ ಸರಿಹೋಯಿತು. ಕೊನೆಯ ಪುಟ ಮಾತ್ರ ನಿಂತುಹೋಯಿತು. ಗಂಟೆಯವನು ಜೊತೆಗಿರುತ್ತೀಯಾ ಎಂದು ಕೇಳುತ್ತಾನೆ, ಅವಳು ಉತ್ತರ ಕೊಡಬೇಕು. ಎಂಟು ಸಲ ಬರೆದಳು, ಎಂಟೂ ಸುಳ್ಳೆನಿಸಿ ಹರಿದು ಹಾಕಿದಳು.

"ಅವಳು ಏನೂ ಹೇಳ್ತಿಲ್ಲ," ಅಂದಳು ಒಂದು ಶುಕ್ರವಾರ.

ಹಲ್ಲಿನವನು ಹಾಳೆಗಳನ್ನು ಜೋಡಿಸಿ ಕೆಳಗಿಟ್ಟ. "ಅವಳನ್ನ ಬಿಡಿ. ನಾನು ಕೇಳಿದ್ರೆ ನೀವೇನು ಹೇಳ್ತೀರಿ?" ಧ್ವನಿಯಲ್ಲಿ ತಮಾಷೆ ಇರಲಿಲ್ಲ. "ನನಗೆ ನೀವಂದ್ರೆ ಇಷ್ಟ. ಆ ಹದಿನಾರು ಪುಟ ಓದಿದ ದಿನದಿಂದ. ನಿಮ್ಮನ್ನ ಇನ್ನೂ ನೋಡೇ ಇರಲಿಲ್ಲ, ಆಗಲೇ."

ಅವಳು ಅವನನ್ನು ನೇರವಾಗಿ ನೋಡಿದಳು. ಒಳ್ಳೆಯವನು. ಅವನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನನಗೇನೂ ಅನ್ಸಲ್ಲ," ಅಂದಳು. "ನಿಮ್ಮ ಮೇಲೆ ಅಂತಲ್ಲ. ಯಾವುದರ ಮೇಲೂ. ಹನ್ನೊಂದು ವರ್ಷ ಸಂಸಾರ ಮಾಡಿದೋನು ಹೋದಾಗ ಒಂದು ಹನಿ ನೀರು ಬರಲಿಲ್ಲ ನನ್ನ ಕಣ್ಣಲ್ಲಿ. ಅವನಿಗೇ ಕೊಡದೇ ಇದ್ದದ್ದನ್ನ ನಿಮಗೆ ಎಲ್ಲಿಂದ ತಂದು ಕೊಡಲಿ?"

ಅವನು ಹಾಳೆಗಳ ಅಂಚನ್ನು ಮತ್ತೊಮ್ಮೆ ಸರಿಮಾಡಿದ. "ಹಲ್ಲು ಕಿತ್ತ ಮೇಲೆ ನಮ್ಮ ಡಾಕ್ಟರು ಎಲ್ಲರಿಗೂ ಒಂದು ಮಾತು ಹೇಳ್ತಾರೆ. ಮರಗಟ್ಟಿದ ಬಾಯಲ್ಲಿ ಏನೂ ಅಗಿಬೇಡಿ, ಕೆನ್ನೆ ಕಚ್ಚಿಕೊಂಡ್ರೂ ಗೊತ್ತಾಗಲ್ಲ ಅಂತ. ಜೋಮು ಬಿಡೋವರೆಗೆ ಸುಮ್ನೆ ಕೂತಿರಬೇಕು." ಅವನು ಎದ್ದ. "ನನಗೆ ಅವಸರ ಇಲ್ಲ. ಮುಂದಿನ ಶುಕ್ರವಾರ ಬರ್ತೀನಿ."

ಆ ಶುಕ್ರವಾರ ರಸ್ತೆಯಲ್ಲಿ ನೀರಿನ ಪೈಪು ಒಡೆದು, ಲೈಬ್ರರಿಯ ಗೇಟಿನ ಮುಂದೆ ಮೊಣಕಾಲುದ್ದ ನೀರು ನಿಂತಿತ್ತು. ಅವನು ಪಚಪಚ ಅನ್ನುತ್ತಾ ಮೆಟ್ಟಿಲಿಳಿದು ಬಂದ. ಕಾಗದದ ಕೋಣೆಯೆಂದು ಬಾಗಿಲಲ್ಲೇ ಶೂ ಬಿಚ್ಚಿದ. ಕೂರುವಷ್ಟರಲ್ಲಿ ಮೇಲಿನಿಂದ ಕರೆ ಬಂತು, ಮೇಡಂ ಕನ್ನಡಕದ ಕಡ್ಡಿ ಕಳಚಿಬಂದಿದೆ, ಸೂಕ್ಷ್ಮ ಕೈಯವರು ಬೇಕಂತೆ. ಬರಿಗಾಲಲ್ಲೇ ಹತ್ತಿ ಹೋದ.

ಗೋಂದಕ್ಕ ಹೊಲಿಗೆಗೆ ಕೂತಳು. ಆ ನೆಲಮಾಳಿಗೆಗೆ ದಿನಕ್ಕೆ ಎರಡು ಗಂಟೆ ಬಿಸಿಲು, ರಸ್ತೆ ಮಟ್ಟದ ಕಿಟಕಿಯಿಂದ ಗೋಡೆಯ ಬುಡಕ್ಕೆ ಬೀಳುವ ಒಂದು ಮೊಳದಷ್ಟು.

ಅರ್ಧ ತಾಸಿನ ಮೇಲೆ ಅತ್ತೆ ಬಂದರು, ಹೊಸ ಕಾದಂಬರಿ ಕೇಳಲು. ಮೆಟ್ಟಿಲ ಮೇಲೇ ನಿಂತುಬಿಟ್ಟರು.

"ಯಾರದೇ ಅದು ಶೂ?"

ಗೋಂದಕ್ಕ ತಿರುಗಿ ನೋಡಿದಳು. ಗಂಡಸರ ಕಪ್ಪು ಶೂ ಎರಡು, ಹಿಮ್ಮಡಿ ನೆಲಕ್ಕೆ ಊರಿ, ಮೂತಿ ಮೇಲೆ ಮಾಡಿ ಗೋಡೆಗೆ ಒರಗಿದ್ದವು. ಬಾಗಿಲ ಬಳಿ ಇದ್ದವು ಬಿಸಿಲಿಗೆ ಬಂದಿದ್ದವು. ನೆಲದ ಮೇಲೆ ಅವು ಮೊದಲು ಇದ್ದ ಜಾಗ, ಆಮೇಲೆ ಸರಿದ ಜಾಗ, ಮತ್ತೆ ಸರಿದ ಜಾಗ, ಮೂರು ಜೊತೆ ಒದ್ದೆ ಗುರುತು. ಅವಳು ಎದ್ದದ್ದು ಯಾವಾಗ, ಮುಟ್ಟಿದ್ದು ಯಾವಾಗ? ಕೈ ನೋಡಿಕೊಂಡಳು. ಬೆರಳು ಒದ್ದೆಯಾಗಿತ್ತು.

"ಅತ್ತೆ, ನಾನು ಬೇಕಂತ..." ಅಂದಳು.

ಅತ್ತೆ ಕಂಬಿ ಹಿಡಿದು ಕೆಳಗಿಳಿದು, ಸೊಸೆಯ ಪಕ್ಕ ಸ್ಟೂಲಿನ ಮೇಲೆ ಕೂತರು. "ಆ ದೀಪದ ಹುಡುಗಿ ಪುಸ್ತಕ ಇದೆಯಲ್ಲ, ಅದರ ಕೊನೇದು ನೀನು ಬರೆದದ್ದು ಅಂತ ಚಪ್ಪಲಿ ಬಂದ ಪುಟದಲ್ಲೇ ನಂಗೆ ಗೊತ್ತಾಯ್ತು ಕಣೆ. ನನ್ನ ಮಗನ್ನ ನಾನು ಗುರುತು ಹಿಡಿಯಲ್ವಾ? ತಿಂಗಳುಗಟ್ಟಲೆ ದಿಂಬಿನ ಕೆಳಗೆ ಇಟ್ಕೊಂಡಿದ್ದೆ. ಆಮೇಲೆ ನಾನೇ ಬೇಕಂತ ವಾಪಸ್ ಕೊಟ್ಟು ಬಂದೆ, ನಾಲ್ಕು ಜನರ ಮನೆಗೆ ಹೋಗಿ ಬರಲಿ ಅವನು ಅಂತ." ಶೂ ಕಡೆ ನೋಡಿದರು. "ಹೋಗಿ, ಒಬ್ಬರನ್ನ ಕರಕೊಂಡೇ ಬಂದಿದ್ದಾನೆ."

ಗೋಂದಕ್ಕನಿಗೆ ಮೊದಲು ಗಂಟಲು ನೋಯಿತು. ಆಮೇಲೆ ಎದೆ. ವರ್ಷಗಟ್ಟಲೆ ಮಡಿಸಿಟ್ಟಿದ್ದ ಕೈಕಾಲಿಗೆ ಒಮ್ಮೆಲೇ ರಕ್ತ ಹರಿದ ಹಾಗೆ ಮೈಯೆಲ್ಲ ಚುಚ್ಚಿತು. ಅತ್ತೆಯ ಮಡಿಲಿಗೆ ಮುಖ ಒತ್ತಿ ಅವಳು ಜೋರಾಗಿ ಅತ್ತಳು, ಗಂಡನ ಹೆಸರು ಹಿಡಿದು ಅತ್ತಳು. "ನೋಯ್ತಾ ಇದೆ ಅತ್ತೆ," ಅಂದಳು. "ನೋಯಲಿ ಮಗಳೇ," ಅಂದರು ಅತ್ತೆ, ಬೆನ್ನು ಸವರುತ್ತಾ.

ಹಲ್ಲಿನವನು ಇಳಿದು ಬಂದಾಗ ಅತ್ತೆ ಹೋಗಿಯಾಗಿತ್ತು. ಅವಳ ಕಣ್ಣು, ಮೂಗು ಎಲ್ಲ ಊದಿ ಕೆಂಪಾಗಿತ್ತು. ಅವನು ಬರಿಗಾಲನ್ನು ಒಂದರ ಮೇಲೊಂದು ಇಟ್ಟುಕೊಂಡು ಬಾಗಿಲಲ್ಲಿ ನಿಂತ.

"ಲ್ಯಾಬಲ್ಲಿ ಅಚ್ಚು ಕಾಯ್ತಿದೆ, ಹೊರಡ್ತೀನಿ. ನನ್ನ ಶೂ?" ಎಂದವನು, ಗೋಡೆಯ ಬುಡದತ್ತ ತಿರುಗಿದ. ಮೂರು ಜೊತೆ ಗುರುತನ್ನು ಒಂದೊಂದಾಗಿ ನೋಡಿದ. ಅವನ ಕಿವಿಗಳು ಮೆಲ್ಲಗೆ ಕೆಂಪಾಗತೊಡಗಿದವು.

ಗೋಂದಕ್ಕ ಎದ್ದು ಹೋಗಿ, ಸರಿದಿದ್ದ ಬಿಸಿಲಿಗೆ ಶೂಗಳನ್ನು ಇನ್ನೊಂದು ಗೇಣು ಸರಿಸಿದಳು. ಈ ಸಲ ಗೊತ್ತಿದ್ದೇ ಸರಿಸಿದಳು.

"ಇನ್ನೂ ಒಣಗಿಲ್ಲ," ಅಂದಳು. "ಕೂತ್ಕೊಳ್ಳಿ."

ಅವಳ ಕಾದಂಬರಿ ಅಚ್ಚಾಗಿ ಈಗ ವರ್ಷಗಳಾದವು, ಅದರ ಬೆನ್ನಿಗೆ ಇನ್ನೂ ಐದು ಬಂದಿವೆ. ಆ ಮೊದಲನೆಯದರ ಕೊನೆಯ ಪುಟದಲ್ಲಿ ಓಲೆಗಳ ವಿಧವೆ ಗಂಟೆಯವನಿಗೆ ಹೇಳುವುದೂ ಇದೇ ಎರಡು ಮಾತು. ಲೈಬ್ರರಿಯ ಪ್ರತಿಯಲ್ಲಿ ಆ ಪುಟ ಎರಡು ಸಲ ಕಿತ್ತುಬಂದಿದೆ, ಎರಡು ಸಲವೂ ಅವಳೇ ಹೊಲಿದಿದ್ದಾಳೆ.